ಅಕ್ಕನಿಗಾಗಿ ಅಗೆದ ನೆಲಮಾಳಿಗೆ

ನಮ್ಮ ಮನೆಯ ಅಡಿಯಲ್ಲಿ ವೈನಿಗೆಂದೇ ಒಂದು ನೆಲಮಾಳಿಗೆ ಇತ್ತು ಎಂದು ಹೇಳಿದರೆ ಈಗಿನವರು ನನ್ನನ್ನು ಯಾವುದೋ ದೊಡ್ಡ ಮನೆತನದ ಮಗಳೆಂದುಕೊಳ್ಳುತ್ತಾರೆ. ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ರೈಟರ್, ಅಂದರೆ ಗುಮಾಸ್ತ. ಮನೆ ಮಂಗಳೂರಿನ ಬಲ್ಮಠದಿಂದ ಕೆಳಗಿಳಿಯುವ ಇಳಿಜಾರಿನಲ್ಲಿತ್ತು. ರಸ್ತೆಯ ಕಡೆಯಿಂದ ನೋಡಿದರೆ ತಗ್ಗು ಮಾಡಿನ ಸಾಧಾರಣ ಮನೆ, ಹಿಂದಿನಿಂದ ನೋಡಿದರೆ ಆಳೆತ್ತರದ ಕೆಂಪು ಮುರಕಲ್ಲಿನ ಪಾಯದ ಮೇಲೆ ಕೂತ ಮನೆ. ಆ ಪಾಯದೊಳಗೆ ಸೌದೆ, ತೆಂಗಿನ ಸಿಪ್ಪೆ, ಕಾಲು ಮುರಿದ ಕುರ್ಚಿ ಎಲ್ಲ ತುರುಕುವ ಒಂದು ಜಾಗವಿತ್ತು. ಅಲ್ಲಿಂದ ಗುಡ್ಡದೊಳಕ್ಕೆ ಅಗೆಸಿ ವೈನ್ ಇಡಲು ಒಂದು ಕೋಣೆ, ಅದರ ಮುಂದೆ ವೈನಿನ ರುಚಿ ನೋಡಲು ಇನ್ನೊಂದು ಪುಟ್ಟ ಕೋಣೆ ಮಾಡಿಸಿದವಳು ಅಮ್ಮ. ಊರಿನಲ್ಲಿ ಪಾನನಿರೋಧ ಜಾರಿಯಲ್ಲಿದ್ದ ಕಾಲ ಅದು. ಅಮ್ಮ ಕುಡಿಯುವವಳೂ ಅಲ್ಲ. ಅವಳು ಅದನ್ನು ಮಾಡಿಸಿದ್ದು ಅಕ್ಕನಿಗಾಗಿ, ಮತ್ತು ಆ ಅಕ್ಕ ಮನೆಯಲ್ಲಿರಲಿಲ್ಲ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ನನಗೆ ಎಂಟು ವರ್ಷವಾಗಿದ್ದಾಗ ಅವಳು ಸನ್ಯಾಸಿನಿಯರ ಮಠ ಸೇರಿದಳು. ಶಾಲೆಯಲ್ಲಿ ಕಲಿಸುವ, ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುವ ಸಿಸ್ಟರ್‌ಗಳು ನಮ್ಮೂರಿನಲ್ಲಿ ಬೇಕಾದಷ್ಟು ಜನ ಇದ್ದರು. ಅವರ ಹಾಗೆ ಆಗಿದ್ದರೆ ಅವಳು ಹಬ್ಬಕ್ಕಾದರೂ ಮನೆಗೆ ಬರುತ್ತಿದ್ದಳು. ಅವಳು ಆರಿಸಿಕೊಂಡದ್ದು ಒಳಗೆ ಹೋದವರು ಮತ್ತೆ ಹೊರಗೆ ಬಾರದ ಮಠ. ತಂದೆ ಸತ್ತರೂ ಬರುವ ಹಾಗಿಲ್ಲ, ತಾಯಿ ಸತ್ತರೂ ಬರುವ ಹಾಗಿಲ್ಲ. ಹೋದ ದಿನ ಬೆಳಿಗ್ಗೆ ಅವಳು ನನ್ನ ತಲೆ ಬಾಚಿ ಎರಡು ಜಡೆ ಹಾಕಿದಳು. ಹುಬ್ಬು ಮೇಲೇರುವಷ್ಟು ಬಿಗಿ. ಯಾವಾಗಲೂ ಹಾಗೆ ಬಿಗಿಯುತ್ತಿದ್ದಳು, ಯಾವಾಗಲೂ ನಾನು ಬೈಯುತ್ತಿದ್ದೆ. ಆ ದಿನವೂ ಬೈದೆ. ಆಮೇಲೆ ಅಮ್ಮ ಎಷ್ಟು ಹೇಳಿದರೂ ನಾಲ್ಕು ದಿನ ಆ ಜಡೆ ಬಿಚ್ಚಲು ಬಿಡಲಿಲ್ಲ.

ಕಷ್ಟವೆಂದರೆ ಆ ಮಠ ದೂರದಲ್ಲಿರಲಿಲ್ಲ. ಎದುರಿನ ಗುಡ್ಡದ ಮೇಲೆ, ನಡೆದರೆ ಅರ್ಧ ಗಂಟೆಯ ದಾರಿ. ಅಲ್ಲಿನ ಗಂಟೆ ನಮ್ಮ ಅಂಗಳಕ್ಕೆ ಕೇಳಿಸುತ್ತಿತ್ತು. ಅದು ಬಾರಿಸಿದಾಗ ಅಮ್ಮ ತೆಂಗಿನಕಾಯಿ ತುರಿಯುತ್ತಿದ್ದರೆ ತುರಿಯುವುದನ್ನು ನಿಲ್ಲಿಸುತ್ತಿದ್ದಳು. "ಈಗ ಏಳ್ತಾಳೆ", "ಈಗ ಊಟಕ್ಕೆ ಹೋಗ್ತಾಳೆ" ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಅಕ್ಕ ಬೊಂಬಾಯಿಗೋ ಆಫ್ರಿಕಾಕ್ಕೋ ಹೋಗಿದ್ದರೆ ನಾವು ಇಷ್ಟು ಒದ್ದಾಡುತ್ತಿರಲಿಲ್ಲವೇನೋ. ದೂರ ಹೋದವರಿಗೆ ಕಾಗದ ಬರೆಯಬಹುದು, ಬರುವ ದಿನ ಎಣಿಸಬಹುದು. ಇವಳು ಕಿವಿಗೆ ಕೇಳುವಷ್ಟು ಹತ್ತಿರ ಇದ್ದುಕೊಂಡು ಇಲ್ಲವಾಗಿದ್ದಳು.

ತಿಂಗಳಿಗೊಮ್ಮೆ ಮನೆಯವರು ಹೋಗಿ ಮಾತನಾಡಬಹುದಿತ್ತು. ಒಂದು ಕೋಣೆ, ಅದರ ಮಧ್ಯೆ ಕಬ್ಬಿಣದ ಜಾಲರಿ, ಜಾಲರಿಯ ಆಚೆ ಕಪ್ಪು ಪರದೆ. ಪರದೆಯ ಹಿಂದೆ ಅಕ್ಕನ ದನಿ, ಅವಳ ಪಕ್ಕದಲ್ಲಿ ಇನ್ನೊಬ್ಬ ಹಿರಿಯ ಸಿಸ್ಟರ್. ಅಮ್ಮ ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ಅಪ್ಪ ಮಾತ್ರ ಒಂದು ಸಲವೂ ಬರಲಿಲ್ಲ. "ಕಂಬಿಯ ಹಿಂದೆ ಇದ್ದವರನ್ನು ನೋಡ್ಲಿಕ್ಕೆ ಜನ ಜೈಲಿಗೆ ಹೋಗ್ತಾರೆ. ನನ್ನ ಮಗಳು ಎಂತ ತಪ್ಪು ಮಾಡಿದ್ದಾಳೆ?" ಎಂದು ಕೇಳಿದ. ಆಮೇಲೆ ಅವನು ಅಕ್ಕನ ಹೆಸರನ್ನೇ ಎತ್ತಲಿಲ್ಲ.

ಇನ್ನು ವೈನಿನ ವಿಷಯ. ಕ್ರಿಸ್‌ಮಸ್‌ಗೆ, ಮದುವೆಗೆ ಮನೆಯಲ್ಲೇ ವೈನ್ ಮಾಡುವುದು ನಮ್ಮ ಕ್ರೈಸ್ತ ಮನೆಗಳ ರೂಢಿ. ಕಾನೂನು ಏನೇ ಇರಲಿ, ಅಡುಗೆಮನೆಯ ಮೂಲೆಯಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಭರಣಿಯನ್ನು ಕಂಡೂ ಕಾಣದ ಹಾಗೆ ಇರುವಷ್ಟು ಒಳ್ಳೆಯತನ ಊರಿಗಿತ್ತು. ಕಪ್ಪು ದ್ರಾಕ್ಷಿ, ಅದರಷ್ಟೇ ತೂಕದ ಸಕ್ಕರೆ, ಒಂದು ಹಿಡಿ ಗೋಧಿ, ನಾಲ್ಕು ಲವಂಗ. ಇಪ್ಪತ್ತೊಂದು ದಿನ ಮರದ ಸೌಟಿನಿಂದ ತಿರುಗಿಸಿ ಸೋಸಿದರೆ ಆಯಿತು. ನಮ್ಮ ಇಗರ್ಜಿಯವರಲ್ಲಿ, ಅಂದರೆ ಚರ್ಚಿನವರಲ್ಲಿ, ಅಮ್ಮನ ಕೈಯ ವೈನಿಗೆ ಹೆಸರಿತ್ತು. ಮದುವೆ ಮನೆಯವರು ಭರಣಿಯ ಬಳಿಗೆ ಅವಳನ್ನು ಕರೆಸಿ ಮೂಸಿಸುತ್ತಿದ್ದರು. ಅಮ್ಮ ಮೂಸಿ ತಲೆಯಾಡಿಸಿದರೆ ಅವರಿಗೆ ನೆಮ್ಮದಿ, ಮೂಗು ಮುರಿದರೆ ಹೊಸ ದ್ರಾಕ್ಷಿಗೆ ಓಟ.

ಮಠದ ಗುಡಿಯಲ್ಲಿ ದಿನಾ ಪೂಜೆ ಮಾಡಲು ಬರುತ್ತಿದ್ದವರು ಯುರೋಪಿನಿಂದ ಬಂದ ಒಬ್ಬ ಮುದುಕ ಪಾದ್ರಿ. ಅವರು ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರು, ಹಾಗಾಗಿ ಮೀನು ಮಾರುವವಳ ಜೊತೆಗೂ ಗ್ರಂಥದ ಕನ್ನಡವನ್ನೇ ಆಡುತ್ತಿದ್ದರು. ಪೂಜೆಗೆ ಬೇಕಾದ ದ್ರಾಕ್ಷಾರಸ ಹೊರದೇಶದಿಂದ ಬರುವುದು ಕಷ್ಟವಾಗುತ್ತಿದೆ ಎಂದು ಅವರು ಒಮ್ಮೆ ಇಗರ್ಜಿಯ ಮೆಟ್ಟಿಲಲ್ಲಿ ಯಾರಿಗೋ ಹೇಳುತ್ತಿದ್ದದ್ದು ಅಮ್ಮನ ಕಿವಿಗೆ ಬಿತ್ತು. ಅವಳು ಅಲ್ಲೇ ನಿಂತು, "ಫಾದರ್, ನಾನು ಮಾಡಿಕೊಡಬಹುದಾ?" ಎಂದಳು.

"ಮಾಡಬಹುದು, ತಾಯೇ. ಆದರೆ ದ್ರಾಕ್ಷಿಯ ಹೊರತು ಬೇರೇನೂ ಇರಕೂಡದು. ಸಕ್ಕರೆ ಇಲ್ಲ, ಧಾನ್ಯವಿಲ್ಲ, ಮಸಾಲೆಯಿಲ್ಲ. ಬೇರೆ ಏನನ್ನಾದರೂ ಸೇರಿಸಿದರೆ ನಾನು ಅದನ್ನು ಪೂಜಾಪೀಠದ ಮೇಲೆ ಇಡಲಾರೆ" ಎಂದರು ಪಾದ್ರಿಗಳು.

ಮನೆಗೆ ಬರುವ ದಾರಿಯಲ್ಲಿ ಅಮ್ಮನ ಹೆಜ್ಜೆಗೆ ಹೆಜ್ಜೆ ಹಾಕಲು ನಾನು ಓಡಬೇಕಾಯಿತು. ಅವಳು ಯೋಚಿಸಿದ್ದು ಇಷ್ಟು: ಮಠದ ಪೂಜೆಯ ಹೊತ್ತಿಗೆ ಅಕ್ಕ ಪೀಠದ ಪಕ್ಕದ ಜಾಲರಿಯ ಹಿಂದೆ ಮೊಣಕಾಲೂರಿ ಇರುತ್ತಾಳೆ. ಪಾದ್ರಿಗಳು ಪಾತ್ರೆಯನ್ನು ಎರಡೂ ಕೈಯಲ್ಲಿ ಮೇಲೆತ್ತುತ್ತಾರೆ. ಆ ಪಾತ್ರೆಯೊಳಗೆ ತನ್ನ ಕೈಯ ವೈನ್ ಇರಬೇಕು. ಆಗಿನ ಪೂಜೆಯಲ್ಲಿ ವೈನ್ ಕುಡಿಯುತ್ತಿದ್ದವರು ಪಾದ್ರಿಗಳು ಮಾತ್ರ, ಬೇರೆಯವರ ತುಟಿಗೆ ಅದು ಬರುವಂತಿರಲಿಲ್ಲ. ಅಮ್ಮನಿಗೆ ಅದು ಗೊತ್ತಿತ್ತು. "ಕುಡಿಯುವುದು ಬೇಡ. ದಿನಾ ಬೆಳಿಗ್ಗೆ ಅವಳ ಕಣ್ಣೆದುರು ಎತ್ತಿದರೆ ನನಗೆ ಸಾಕು" ಎಂದಳು.

ಮೊದಲ ವರ್ಷದ ಪ್ರಯತ್ನ ಹಳ್ಳ ಹಿಡಿಯಿತು. ದ್ರಾಕ್ಷಿ ಬರುವುದು ಬೇಸಿಗೆಯ ಬಾಯಲ್ಲಿ. ಅಡುಗೆಮನೆಯಲ್ಲಿ ಸಕ್ಕರೆಯಿಲ್ಲದೆ ಇಟ್ಟ ಭರಣಿ ಆ ಸೆಕೆಗೆ ಒಂದೂವರೆ ತಿಂಗಳಲ್ಲಿ ಕೆಟ್ಟಿತು. ಪಾದ್ರಿಗಳು ಬಂದು, ನಮ್ಮ ಒಲೆಯ ಪಕ್ಕ ಕುರ್ಚಿ ಹಾಕಿ ಕೂತು, ಒಂದು ಗುಟುಕು ಬಾಯಿಗೆ ಹಾಕಿ ಗ್ಲಾಸನ್ನು ದೂರ ಸರಿಸಿದರು. ಒಲೆಯ ಮೇಲೆ ಬಂಗುಡೆ ಮೀನು ಹುರಿಯುತ್ತಿತ್ತು. "ತಾಯೇ, ಇದು ದ್ರಾಕ್ಷಾರಸವಲ್ಲ, ಹುಳಿರಸ" ಎಂದರು. ಆ ವರ್ಷವಿಡೀ ನಮ್ಮ ಮನೆಯ ಹಂದಿಮಾಂಸಕ್ಕೂ ಉಪ್ಪಿನಕಾಯಿಗೂ ಅದೇ ವಿನೆಗರ್. ಹೋಗುವ ಮೊದಲು ಅವರು ಎರಡು ಮಾತು ಹೇಳಿದರು. ತಮ್ಮ ಊರಿನಲ್ಲಿ ಬಡ ರೈತನೂ ವೈನನ್ನು ನೆಲದ ಅಡಿಯ ತಂಪಿನಲ್ಲಿಡುತ್ತಾನೆ ಎಂಬುದು ಒಂದು. ಮೀನಿನ ವಾಸನೆಯ ನಡುವೆ ವೈನಿನ ರುಚಿ ಹೇಳುವುದು ಸಾಧ್ಯವಿಲ್ಲ ಎಂಬುದು ಇನ್ನೊಂದು.

ಅಮ್ಮ ಎರಡನ್ನೂ ದೇವರ ಆಜ್ಞೆಯ ಹಾಗೆ ತೆಗೆದುಕೊಂಡಳು. ಮರುದಿನ ಊಟಕ್ಕೆ ಕೂತ ಅಪ್ಪನಿಗೆ, "ಮನೆಯ ಅಡಿಯಲ್ಲಿ ಒಂದು ಕೋಣೆ ಬೇಕು. ಅದರ ಮುಂದೆ ರುಚಿ ನೋಡುವ ಒಂದು ಕೋಣೆ ಬೇಕು" ಎಂದಳು.

"ಮನೆ ಕುಸಿದರೆ ಎಂತ ಮಾಡ್ತಿ?"

"ಕುಸಿಯದ ಹಾಗೆ ಅಗೆಯಿರಿ."

"ಪೊಲೀಸಿನವರು ಬಂದರೆ?"

"ಪೂಜೆಯ ವೈನಿಗೆ ಪರವಾನಗಿ ಉಂಟಂತೆ, ಫಾದರ್ ಮಾಡಿಸಿಕೊಡ್ತಾರಂತೆ. ನಿಮಗೆ ಮನಸ್ಸಿಲ್ಲದಿದ್ದರೆ ಹೇಳಿ, ನಾನೇ ಪಿಕ್ಕಾಸು ಹಿಡೀತೇನೆ."

ಅಪ್ಪ ಅನ್ನ ಕಲಸುತ್ತಾ ಕೂತ. ಯಾರಿಗಾಗಿ ಎಂದು ಅವನು ಕೇಳಲಿಲ್ಲ. ಮಳೆಗಾಲ ಮುಗಿದ ಮೇಲೆ ಒಂದು ಶನಿವಾರ ಮಧ್ಯಾಹ್ನ ಕಾರ್ಖಾನೆಯಿಂದ ಬೇಗ ಬಂದು, ಸೌದೆಯನ್ನೆಲ್ಲ ಹೊರಗೆ ಹಾಕಿ, ಬಗ್ಗಿಕೊಂಡು ಒಳಗೆ ಹೋಗಿ ದಾರದಿಂದ ಅಳತೆ ತೆಗೆಯತೊಡಗಿದ.

ಕಲ್ಲು ಕಡಿಯಲು ವಾಮಂಜೂರಿನಿಂದ ಒಬ್ಬ ಮುದುಕ ಬಂದ. ಅವನದು ತುಳು ಮನೆಮಾತು, ಮುರಕಲ್ಲಿನ ಜೊತೆ ಐವತ್ತು ವರ್ಷದ ಒಡನಾಟ. ಅಪ್ಪ ಗುರುತು ಹಾಕಿದ್ದ ಜಾಗವನ್ನು ನೋಡಿ ಅವನು ತಲೆಯಲ್ಲಾಡಿಸಿದ. "ಬಾವಿಯ ಬದಿಗೆ ಬೇಡ ಮಾರಾಯ್ರೇ. ಮಳೆಗಾಲದಲ್ಲಿ ಒರತೆ ಒಡೀತದೆ. ಮತ್ತೆ ನಿಮ್ಮ ಬಾಟ್ಲಿಗಳೆಲ್ಲ ತೇಲಿಕೊಂಡು ಹೋಗಿ ಕೂಳೂರು ಹೊಳೆಯ ಸಂಕದ ಅಡಿಯಲ್ಲಿ ಸಿಕ್ತವೆ." ಅವನು ಗೋಡೆಗೆ ಕೈ ಇಟ್ಟು, ಮಣ್ಣು ಮೂಸಿ, ಎರಡು ಮಾರು ಎಡಕ್ಕೆ ಸರಿದು ಹೊಸ ಗುರುತು ಹಾಕಿದ. ಪಿಕ್ಕಾಸು ಹಾಕುವ ಮೊದಲು ತನ್ನ ದೈವಕ್ಕೆಂದು ಒಂದು ತೆಂಗಿನಕಾಯಿ ಒಡೆದ. ಅಮ್ಮ ಇಗರ್ಜಿಯಿಂದ ತಂದ ತೀರ್ಥ ಚಿಮುಕಿಸಿದಳು. ಆಮೇಲೆ ಆ ಕಾಯಿಯನ್ನು ಅಮ್ಮನೇ ತುರಿದು ಸಾರಿಗೆ ಹಾಕಿ ಅವನಿಗೂ ಬಡಿಸಿದಳು.

ಮುದುಕ ಕಡಿದು ಕೊಟ್ಟದ್ದನ್ನು ಹೊರಗೆ ಸಾಗಿಸಿದವನು ಅಪ್ಪ. ಭಾನುವಾರ ಮೈಮುರಿದು ದುಡಿಯುವುದು ನಮ್ಮಲ್ಲಿ ಪಾಪ, ಹಾಗಾಗಿ ಶನಿವಾರ ಮಧ್ಯಾಹ್ನ ಮತ್ತು ಸರಕಾರಿ ರಜೆಯ ದಿನಗಳಲ್ಲಿ ಮಾತ್ರ ಕೆಲಸ. ಎರಡೂ ಕೋಣೆಗೆ ಸೇರಿ ನಾಲ್ಕು ತಿಂಗಳು ಹಿಡಿಯಿತು. ಕಾರ್ಖಾನೆಯಲ್ಲಿ ಅಂಗಿಯ ಕೈ ಮಡಚದ ಮನುಷ್ಯ ಕಚ್ಚೆ ಕಟ್ಟಿಕೊಂಡು ಬುಟ್ಟಿ ಹೊರುತ್ತಿದ್ದ. ಮೀಸೆಯೆಲ್ಲ ಕೆಂಪಾಗುತ್ತಿತ್ತು. ಮುದುಕ ಹೋದ ಮೇಲೂ ಒಬ್ಬನೇ ಒಳಗೆ ಉಳಿದು ಗೋಡೆಯನ್ನು ಕೆರೆದು ನುಣುಪು ಮಾಡುತ್ತಿದ್ದ. ಅಕ್ಕನನ್ನು ನೋಡಲು ಹೋಗದವನು ಅವಳಿಗಾಗಿ ಗುಡ್ಡ ಅಗೆಯುತ್ತಿದ್ದಾನೆ ಎಂಬುದು ನನ್ನಂಥ ಹತ್ತು ವರ್ಷದವಳಿಗೂ ಅರ್ಥವಾಗುತ್ತಿತ್ತು. ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಕೊನೆಗೆ ಎಂಟು ಮೆಟ್ಟಿಲು, ಒಂದು ಮರದ ಬಾಗಿಲು, ಒಳಗೆ ಎರಡು ಕೋಣೆಗಳು ತಯಾರಾದವು. ಹಿಂದಿನ ಕೋಣೆಯಲ್ಲಿ ಕಲ್ಲನ್ನೇ ಕೊರೆದು ಮಾಡಿದ ಹಲಗೆಗಳ ಮೇಲೆ ಭರಣಿ, ಬಾಟಲಿಗಳಿಗೆ ಜಾಗ. ಏಪ್ರಿಲ್ ತಿಂಗಳಿನಲ್ಲೂ ಅಲ್ಲಿ ಕಾಲಿಟ್ಟರೆ ಅಂಗಾಲು ತಣ್ಣಗಾಗುತ್ತಿತ್ತು. ಮುಂದಿನದು ರುಚಿ ನೋಡುವ ಕೋಣೆ. ವೈನಿನ ಬಣ್ಣ ತಿಳಿಯಬೇಕೆಂದು ಅಮ್ಮ ಗೋಡೆಗೆ ಮೂರು ಸಲ ಸುಣ್ಣ ಬಳಿಸಿದಳು. ಒಂದು ಮೇಜು, ಒಂದು ಬೆಂಚು, ನಾಲ್ಕು ಸಣ್ಣ ಗ್ಲಾಸು, ಅಷ್ಟೇ.

ಆ ಕೋಣೆಯ ಕಾನೂನುಗಳು ಮಾತ್ರ ಭಯಂಕರ. ಮಂಗಳೂರಿನಲ್ಲಿ ವಾಸನೆಯಿಲ್ಲದ ಜಾಗ ಮಾಡಲು ಹೊರಟ ಮೊದಲ ಹೆಂಗಸು ಅಮ್ಮನೇ ಇರಬೇಕು. ತಲೆಗೆ ತೆಂಗಿನೆಣ್ಣೆ ಹಾಕಿದವರಿಗೆ ಪ್ರವೇಶವಿಲ್ಲ. ಮಲ್ಲಿಗೆ ಮುಡಿದವರಿಗೆ ಇಲ್ಲ. ಮೀನು ಮುಟ್ಟಿದ ಕೈಯನ್ನು ಎರಡು ಸಲ ಸಾಬೂನು ಹಾಕಿ ತೊಳೆಯಬೇಕು. ಅಪ್ಪ ಚುಟ್ಟಾ ಸೇದುವವನು, ಆದ್ದರಿಂದ ತಾನೇ ಅಗೆದ ಕೋಣೆಗೆ ಅವನೇ ಹೋಗುವಂತಿಲ್ಲ. ಅವನು ಮೆಟ್ಟಿಲ ಮೇಲೆ ಕೂತು, "ಬಿಷಪರ ಅರಮನೆಗೂ ಇಷ್ಟು ಕಟ್ಟಳೆ ಇಲ್ಲ" ಎಂದು ಗೊಣಗುತ್ತಿದ್ದ. ಪಕ್ಕದ ಮನೆಯವರು ಅಮ್ಮನಿಗೆ ತಲೆ ಕೆಟ್ಟಿದೆ ಎಂದು ಆಡಿಕೊಂಡರು. ಅಮ್ಮ ತಲೆ ಕೆಡಿಸಿಕೊಳ್ಳಲಿಲ್ಲ.

ಆ ವರ್ಷ ಮಾರುಕಟ್ಟೆಗೆ ಘಟ್ಟದ ಮೇಲಿನಿಂದ ಬಂದ ದ್ರಾಕ್ಷಿ ಸಪ್ಪೆ, ಜೊತೆಗೆ ಹುಳಿ. ಅಮ್ಮ ಒಂದೊಂದೇ ಹಣ್ಣು ಒರೆಸಿ, ಹಿಸುಕಿ, ಭರಣಿಗೆ ತುಂಬಿ ಕೆಳಗಿಟ್ಟಳು. ಮೇಲೇಳುವ ಸಿಪ್ಪೆಯನ್ನು ದಿನಕ್ಕೆರಡು ಸಲ ಸೌಟಿನಿಂದ ಒತ್ತಬೇಕು. ಶಾಲೆಗೆ ರಜೆ ಇದ್ದುದರಿಂದ ಮಧ್ಯಾಹ್ನದ ಪಾಳಿ ನನ್ನದು. ಐದನೆಯ ದಿನವೋ ಆರನೆಯ ದಿನವೋ ಸೌಟು ನೆಕ್ಕಿ ನೋಡಿದೆ. ಹಲ್ಲು ಚುಳ್ಳೆಂದಿತು. ಕಳೆದ ವರ್ಷದ ಹುಳಿರಸವೇ ನೆನಪಾಯಿತು. ಪಾದ್ರಿಗಳು ಹೋದ ಮೇಲೆ ಅಮ್ಮ ಒಲೆಯ ಮುಂದೆ ಕೂತಿದ್ದ ರೀತಿ ನನ್ನ ಕಣ್ಣಿಗೆ ಕಟ್ಟಿದ ಹಾಗಿತ್ತು. ಇನ್ನೊಂದು ಸಲ ಅವಳನ್ನು ಹಾಗೆ ನೋಡಲು ನನ್ನಿಂದ ಆಗುತ್ತಿರಲಿಲ್ಲ. ಅವಳು ಮಲಗಿದ್ದ ಹೊತ್ತು ನೋಡಿ, ಡಬ್ಬದಿಂದ ಸಕ್ಕರೆ ತೆಗೆದು, ಲಂಗದಲ್ಲಿ ಕಟ್ಟಿಕೊಂಡು ಕೆಳಗಿಳಿದು ಭರಣಿಗೆ ಸುರಿದೆ. ಸಾಲದೆಂದು ಮರುದಿನ ಇನ್ನೊಂದಷ್ಟು ಸುರಿದೆ. ಸಕ್ಕರೆ ಬೇಡವೆಂದು ಪಾದ್ರಿಗಳು ಹೇಳಿದ್ದು ನನಗೆ ಗೊತ್ತಿತ್ತು. ಆದರೆ ಉಪವಾಸದ ದಿನ ಬೆಲ್ಲ ಬಿಡುವ ಹಾಗೆ ಇದೂ ಒಂದು ವ್ರತವಿರಬೇಕು, ಅದನ್ನು ಅಮ್ಮ ಮುರಿಯಬಾರದು, ನಾನು ಮುರಿದರೆ ಅಷ್ಟೇನೂ ತೊಂದರೆಯಿಲ್ಲ ಎಂದುಕೊಂಡಿದ್ದೆ.

ಭರಣಿ ಎರಡೇ ದಿನದಲ್ಲಿ ಗುಳುಗುಳು ಎನ್ನತೊಡಗಿತು. ಅಮ್ಮ ಅದಕ್ಕೆ ಕಿವಿ ಇಟ್ಟು ಕೇಳಿ, ಮೆಟ್ಟಿಲ ಮೇಲಿದ್ದ ಅಪ್ಪನಿಗೆ, "ನೋಡಿ, ನಿಮ್ಮ ಕೋಣೆಯ ಗುಣ" ಎಂದಳು. ಅಪ್ಪನ ಮುಖ ಅರಳಿತು. ಅವರಿಬ್ಬರೂ ಹಾಗೆ ಸಂತೋಷವಾಗಿದ್ದದ್ದನ್ನು ನೋಡಿ ವರ್ಷಗಳಾಗಿತ್ತು. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ವೈನನ್ನು ಸೋಸಿ ಬಾಟಲಿಗೆ ತುಂಬಿದ್ದಾಯಿತು, ಮಳೆಗಾಲ ಬಂತು. ಮುದುಕ ಹೇಳಿದಂತೆ ನೆಲಮಾಳಿಗೆಗೆ ಒಂದು ಹನಿ ನೀರೂ ಬರಲಿಲ್ಲ. ಆಗಸ್ಟ್ ತಿಂಗಳಲ್ಲಿ ಪಾದ್ರಿಗಳು ರುಚಿ ನೋಡಲು ಬರುವುದೆಂದು ನಿಶ್ಚಯವಾಯಿತು. ಅದರ ಹಿಂದಿನ ಶನಿವಾರ ನಾನು ರೂಢಿಯಂತೆ ಇಗರ್ಜಿಗೆ ಪಾಪನಿವೇದನೆಗೆ ಹೋದೆ. ಜಾಲರಿಯ ಆಚೆ ಕೂತಿದ್ದವರು ಅದೇ ಮುದುಕ ಪಾದ್ರಿಗಳು. ಸುಳ್ಳು ಹೇಳಿದೆ, ಪ್ರಾರ್ಥನೆಯಲ್ಲಿ ತೂಕಡಿಸಿದೆ ಎಂಬ ಮಾಮೂಲಿ ಪಟ್ಟಿಯ ಕೊನೆಗೆ, ಮನೆಯ ಸಕ್ಕರೆ ಕದ್ದೆ ಎಂದೆ.

"ತಿಂದೆಯೋ, ಮಗಳೇ?"

"ಇಲ್ಲ ಫಾದರ್. ಪೂಜೆಯ ವೈನಿಗೆ ಹಾಕಿದೆ."

ಪಾದ್ರಿಗಳು, "ಇದನ್ನು ನಿನ್ನ ತಾಯಿಗೆ ನೀನೇ ಹೇಳಬೇಕು" ಎಂದಷ್ಟೇ ಹೇಳಿ ಪ್ರಾಯಶ್ಚಿತ್ತಕ್ಕೆ ಮೂರು ಪ್ರಾರ್ಥನೆ ಕೊಟ್ಟರು. ಪ್ರಾರ್ಥನೆ ಹೇಳಿ ಮುಗಿಸಿದೆ. ಅಮ್ಮನಿಗೆ ಹೇಳಲಿಲ್ಲ. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಅವಳು ಆ ಕೋಣೆಯ ಮೇಜು ಒರೆಸುತ್ತಿದ್ದಳು.

ಅವರು ಬಂದ ದಿನ ಜಡಿಮಳೆ. ಅಮ್ಮ ಹಿಂದಿನ ದಿನದಿಂದಲೇ ಒಲೆಗೆ ಮೀನು ಇಟ್ಟಿರಲಿಲ್ಲ, ಎಲ್ಲರಿಗೂ ಸೀಗೆಕಾಯಿಯ ತಲೆಸ್ನಾನ ಆಗಿತ್ತು. ಅಪ್ಪ ಮೂರು ದಿನ ಚುಟ್ಟಾ ಬಿಟ್ಟು ಮುಖ ಊದಿಸಿಕೊಂಡಿದ್ದರೂ, ಆ ದಿನ ಮೊದಲ ಬಾರಿಗೆ ಅವನಿಗೆ ಒಳಗೆ ಬೆಂಚಿನ ತುದಿಯಲ್ಲಿ ಜಾಗ ಸಿಕ್ಕಿತ್ತು. ಪಾದ್ರಿಗಳು ಗ್ಲಾಸನ್ನು ಬಿಳಿ ಗೋಡೆಗೆ ಹಿಡಿದು ನೋಡಿದರು, ಮೂಸಿದರು, ಒಂದು ಗುಟುಕು ತೆಗೆದುಕೊಂಡರು. ನನ್ನ ಕಡೆ ಒಂದು ಸಲವೂ ತಿರುಗಲಿಲ್ಲ.

"ಹೇಗುಂಟು, ಫಾದರ್?" ಎಂದು ಅಮ್ಮ ಕೇಳಿದಳು.

"ಒಳ್ಳೆಯ ವೈನ್."

"ಹಾಗಾದರೆ ಪೀಠಕ್ಕೆ ಆಗ್ತದಾ?"

ಅವರು ಗ್ಲಾಸನ್ನು ಮತ್ತೊಮ್ಮೆ ಗೋಡೆಗೆ ಹಿಡಿದರು. ಪಾಪನಿವೇದನೆಯಲ್ಲಿ ಕೇಳಿದ ಮಾತನ್ನು ಪಾದ್ರಿ ಹೊರಗೆ ಹೇಳುವಂತಿಲ್ಲ. ಹೇಳದೆ ನಡತೆಯಲ್ಲಿ ತೋರಿಸುವಂತೆಯೂ ಇಲ್ಲ, ಜೀವ ಹೋದರೂ ಇಲ್ಲ. ಇದನ್ನು ನಮಗೆ ಧರ್ಮಪಾಠದಲ್ಲಿ ಕಲಿಸಿದ್ದರು. ಬೇಡ ಎಂದರೆ ನನ್ನ ಗುಟ್ಟು ಬಿಟ್ಟುಕೊಟ್ಟ ಹಾಗೆ, ಆಗುತ್ತದೆ ಎಂದರೆ ಆಗದ ವೈನನ್ನು ದೇವರ ಮುಂದಿಟ್ಟ ಹಾಗೆ. ಆ ಮುದುಕರನ್ನು ಇಂಥ ಇಕ್ಕಟ್ಟಿಗೆ ಸಿಕ್ಕಿಸಿದವಳು ನಾನು. ಅವರು ಗ್ಲಾಸನ್ನು ಕೆಳಗಿಡಲೂ ಇಲ್ಲ, ಇನ್ನೊಂದು ಗುಟುಕು ಕುಡಿಯಲೂ ಇಲ್ಲ. ಅದನ್ನು ನೋಡಿಯೇ ನನಗೆ ತಡೆಯಲಾಗಲಿಲ್ಲ.

"ಅಮ್ಮಾ, ನಾನು ಸಕ್ಕರೆ ಹಾಕಿದ್ದೇನೆ" ಎಂದೆ. "ಹುಳಿ ಆಗ್ತದೆ ಅಂತ ಹೆದರಿಕೆ ಆಯ್ತು. ಎರಡು ದಿನ ಹಾಕಿದೆ."

ಅಮ್ಮ ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ವಾಸಿಯಿತ್ತು. ಮೇಜಿನ ಅಂಚು ಹಿಡಿದುಕೊಂಡು ನಿಂತಳು, ಅಷ್ಟೇ. ಇನ್ನೊಂದು ವರ್ಷ ಎಂದು ಅವಳು ಮನಸ್ಸಿನಲ್ಲೇ ಎಣಿಸುತ್ತಿದ್ದದ್ದು ಮುಖದಲ್ಲಿ ಕಾಣುತ್ತಿತ್ತು. ಪಾದ್ರಿಗಳು ದೀರ್ಘವಾಗಿ ಉಸಿರು ಬಿಟ್ಟರು. ಗ್ಲಾಸಿನಲ್ಲಿ ಉಳಿದದ್ದನ್ನು ಪೂರ್ತಿ ಕುಡಿದು ಕೆಳಗಿಟ್ಟರು.

"ತಾಯೇ, ಇದು ಪೂಜೆಗೆ ಸಲ್ಲದು. ಆದರೆ ಊಟಕ್ಕೆ ಸಲ್ಲುತ್ತದೆ. ಮಠದ ಹಬ್ಬದ ದಿನ ಸಿಸ್ಟರ್‌ಗಳಿಗೆ ಒಂದೊಂದು ಗ್ಲಾಸು ವೈನ್ ಕುಡಿಯಲು ಅಪ್ಪಣೆಯಿದೆ. ಇದನ್ನು ಅಲ್ಲಿಗೆ ಕಳುಹಿಸಿ."

ಅಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಬೆಂಚಿನ ಮೇಲೆ ಕೂತುಬಿಟ್ಟಳು. ಕಣ್ಣಿಗೆ ಕಂಡರೆ ಸಾಕು ಎಂದಿದ್ದದ್ದು ಅಕ್ಕನ ತುಟಿಗೇ ಹೋಗುವುದಿತ್ತು. ಅಪ್ಪ ಎದ್ದು ಹೊರಗೆ ಹೋಗಿ ಮಳೆಯಲ್ಲಿ ನಿಂತ.

ಹಬ್ಬದ ಹಿಂದಿನ ದಿನ ಆರು ಬಾಟಲಿಗಳನ್ನು ಹುಲ್ಲಿನಲ್ಲಿ ಸುತ್ತಿ ಮಠಕ್ಕೆ ಒಯ್ದೆವು. ಬಾಗಿಲ ಪಕ್ಕದ ಗೋಡೆಯಲ್ಲಿ ತಿರುಗುವ ಒಂದು ಮರದ ಪೆಟ್ಟಿಗೆ ಇತ್ತು. ಕೊಡುವುದನ್ನು ಅದರಲ್ಲಿಟ್ಟರೆ ಒಳಗಿನವರು ತಿರುಗಿಸಿ ತೆಗೆದುಕೊಳ್ಳುತ್ತಾರೆ, ಯಾರ ಮುಖವೂ ಯಾರಿಗೂ ಕಾಣುವುದಿಲ್ಲ. ಬಾಟಲಿಗಳು ಕಣ್ಮರೆಯಾದ ಮೇಲೂ ಅಮ್ಮ ಆ ಪೆಟ್ಟಿಗೆಯ ಮೇಲೆ ಕೈ ಇಟ್ಟುಕೊಂಡೇ ಇದ್ದಳು. ಆ ತಿಂಗಳ ಭೇಟಿಗೆ ಇನ್ನೂ ಹನ್ನೆರಡು ದಿನ ಇತ್ತು. ನಾವು ಅದನ್ನು ಹೇಗೆ ಕಳೆದೆವೋ ನನಗೆ ನೆನಪಿಲ್ಲ.

ಭೇಟಿಯ ದಿನ ಪರದೆಯ ಆಚೆ ಅಕ್ಕ ಬಂದು ಕೂತ ಸದ್ದಾಯಿತು. ಅಮ್ಮ ಕುಶಲ ಕೇಳುವ ಮೊದಲೇ ಅವಳೇ ಶುರು ಮಾಡಿದಳು. "ಅಮ್ಮಾ, ಹಬ್ಬದ ದಿನ ವೈನ್ ಕೊಟ್ಟರು."

"ಕುಡಿದೆಯಾ?"

"ಕುಡಿದೆ."

"ಹೇಗಿತ್ತು, ಮಗಾ?"

"ನಮ್ಮ ಮನೆಯ ಹಾಗೇ ಇತ್ತು" ಎಂದಳು ಅಕ್ಕ.

ಅಮ್ಮ ಅಳುತ್ತಲೇ ನನ್ನ ಕಡೆ ತಿರುಗಿ ನಕ್ಕಳು. ಸಕ್ಕರೆಯ ಅಪರಾಧ ಆ ನಗುವಿನಲ್ಲಿ ಮಾಫಿ ಆಯಿತು. ಕಣ್ಣೊರೆಸಿಕೊಂಡು, "ಬರುವ ವರ್ಷ ಇನ್ನೂ ಜಾಸ್ತಿ ಮಾಡ್ತೇನೆ. ಪೂಜೆಗೆ ಬೇರೆ, ನಿಮಗೆ ಬೇರೆ" ಎಂದು ಹೇಳತೊಡಗಿದಳು.

"ಬೇಡ ಅಮ್ಮಾ. ಇನ್ನು ಕಳಿಸಬೇಡಿ."

"ಯಾಕೆ ಮಗಾ? ಯಾರಾದರೂ ಎಂತದಾದರೂ ಹೇಳಿದರಾ?"

"ಯಾರೂ ಹೇಳಲಿಲ್ಲ. ನಾನು ಕುಡಿದದ್ದು ಎರಡು ಗುಟುಕು. ಮತ್ತೆ ಮೂರು ದಿನ ನನ್ನಿಂದ ಪ್ರಾರ್ಥನೆ ಆಗ್ಲಿಲ್ಲ. ಅಡುಗೆಮನೆ, ನೀವು, ಪಪ್ಪ, ಸಣ್ಣವಳು, ಎಲ್ಲ ಎದುರು ಬಂದು ನಿಂತ ಹಾಗೆ. ಮೂರನೇ ದಿನ ಹೊರಗಿನ ಬಾಗಿಲಿನವರೆಗೆ ಬಂದೆ ಅಮ್ಮಾ. ಚಿಲಕಕ್ಕೆ ಕೈ ಹಾಕಿದ್ದೆ."

ಪಕ್ಕದ ಹಿರಿಯ ಸಿಸ್ಟರ್ ಅವಳನ್ನು ತಡೆಯಲಿಲ್ಲ. ಅಕ್ಕ ಮೆಲ್ಲಗೆ ಹೇಳಿದಳು, "ಇಲ್ಲಿ ಇರಬೇಕು ಅಂತಲೇ ನಾನು ಬಂದದ್ದು. ನನಗೆ ಕಷ್ಟ ಆಗ್ತದೆ. ಕಳಿಸಬೇಡಿ."

ಅಮ್ಮನ ಎರಡೂ ಕೈ ಜಾಲರಿಯ ಮೇಲಿದ್ದವು. ಬಾ ಎಂದು ಒಂದು ಮಾತು ಅವಳು ಹೇಳಿದ್ದರೆ ಅಕ್ಕ ಬರುತ್ತಿದ್ದಳು. ಇದು ನನಗೆ ಆಗಲೂ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು. ಆ ಮಾತು ಅವಳ ತುಟಿಯವರೆಗೆ ಬಂದದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ.

"ಆಯ್ತು ಮಗಾ" ಎಂದಳು ಅಮ್ಮ. "ಕಳಿಸುವುದಿಲ್ಲ."

ಗುಡ್ಡ ಇಳಿದು ಬರುವಾಗ ಅವಳು ಒಂದೇ ಮಾತು ಆಡಿದಳು. "ಚಿಲಕದ ವಿಷಯ ಪಪ್ಪನಿಗೆ ಹೇಳಬೇಡ. ಆ ಮನುಷ್ಯ ಹೋಗಿ ಬಾಗಿಲು ಒಡೆದಾರು." ಮನೆಯಲ್ಲಿ ಅಪ್ಪ ಜಗಲಿಯಲ್ಲಿ ಕಾಯುತ್ತಿದ್ದ. ಕುಡಿದಳಾ, ಎಂತ ಹೇಳಿದಳು ಎಂದು ಕೇಳಿದ. ಮನೆಯ ಹಾಗೇ ಉಂಟು ಅಂದಳು ಎಂದು ಅಮ್ಮ ಹೇಳಿದಳು. ಅವನು ತಲೆಯಾಡಿಸಿ, ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋದ. ಚುಟ್ಟಾ ಹಚ್ಚದೆ ಆ ಬೆಂಚಿನ ಮೇಲೆ ಕತ್ತಲಾಗುವವರೆಗೆ ಕೂತಿದ್ದ. ಮಗಳು ತನ್ನ ಮನೆಯ ವೈನ್ ಕುಡಿದು ಸುಖವಾಗಿದ್ದಾಳೆ ಎಂದೇ ನಂಬಿ, ಅರವತ್ತರ ದಶಕ ಮುಗಿಯುವ ಮೊದಲೇ ತೀರಿಕೊಂಡ.

ಮುಂದಿನ ವರ್ಷದಿಂದ ಅಮ್ಮ ಬರೀ ದ್ರಾಕ್ಷಿಯ ವೈನ್ ಮಾಡಿದಳು. ಭರಣಿ ಒತ್ತುವ ಕೆಲಸವನ್ನು ನನಗೆ ಮತ್ತೆ ಕೊಡಲಿಲ್ಲ. ವೈನ್ ಚೆನ್ನಾಗಿಯೇ ಬಂತು. ಪಾದ್ರಿಗಳು ಒಪ್ಪಿದರು, ಅವರ ನಂತರ ಬಂದವರೂ ಒಪ್ಪಿದರು. ಅವಳ ಕೈಯಲ್ಲಿ ಶಕ್ತಿ ಇರುವವರೆಗೂ ಅದು ದಿನಾ ಬೆಳಿಗ್ಗೆ ಅಕ್ಕನ ಕಣ್ಣೆದುರು ಮೇಲೇರಿ ಇಳಿಯಿತು. ಅಕ್ಕನ ತುಟಿಗೆ ತಾಗದ, ಅವಳಿಗೆ ಮನೆಯನ್ನು ನೆನಪಿಸದ ವೈನನ್ನು ಅಮ್ಮ ಅಷ್ಟು ವರ್ಷ ಅಷ್ಟು ಪ್ರೀತಿಯಿಂದ ಮಾಡಿದಳು.

ಅಮ್ಮ ಮಾಡಿದ್ದೇ ಸರಿ ಎಂದು ಎಲ್ಲರೂ ಹೇಳುತ್ತಾರೆ. ಅಕ್ಕ ತಾನು ಬಯಸಿದ ಬದುಕನ್ನೇ ಬದುಕಿದಳು, ಅದೂ ಸರಿ. ನನಗೆ ಈಗ ಅಮ್ಮನ ಆಗಿನ ವಯಸ್ಸನ್ನು ದಾಟಿ ಬಹಳ ವರ್ಷವಾಯಿತು, ಆದರೂ ನನ್ನ ಹಠ ಹೋಗಿಲ್ಲ. ಅವರ ಸರಿಗಳನ್ನು ಅವರೇ ಇಟ್ಟುಕೊಳ್ಳಲಿ. ನನಗೆ ಅಕ್ಕ ಮನೆಗೆ ಬರಬೇಕಿತ್ತು.